ಬೇಸಿಗೆಯ ಬ್ರೌನ್ ಟ್ರೌಟ್: ಸ್ಪೂನ್ ಆಮೇಲೆ, ಮೊದಲು ಥರ್ಮಾಮೀಟರ್

ಜೂನ್ 1 ಬಂತೆಂದರೆ ಗಂಗೊಳ್ಳಿಯ ಬೋಟುಗಳು ದಡ ಸೇರುತ್ತವೆ. 61 ದಿನ ಮೀನುಗಾರಿಕೆ ಬಂದ್. ಅಲ್ಲಿ ಬಲೆ ರಿಪೇರಿ ಮಾಡುತ್ತ ಮಳೆ ನೋಡುವ ಆ ಎರಡು ತಿಂಗಳಲ್ಲೇ ಇಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೋಚೆಸ್ಟರಿನಲ್ಲಿ, ಲೇಕ್ ಒಂಟಾರಿಯೊ ಸರೋವರದ ದಡದಲ್ಲಿ, ಬ್ರೌನ್ ಟ್ರೌಟ್ ಅನ್ನುವ ತಣ್ಣೀರಿನ ಮೀನು ಹಿಡಿಯುವ ನನ್ನ ಸೀಸನ್ ಜೋರು. ಹೋದ ವರ್ಷ ತಮ್ಮ ಫೋನಿನಲ್ಲಿ ಕೇಳಿದ: "ಅಣ್ಣ, ನೀನಲ್ಲಿ ಟ್ರಾಲಿಂಗ್ ಮಾಡ್ತೀಯಂತೆ, ಅಮೆರಿಕದಲ್ಲಿ ಬ್ಯಾನ್ ಇಲ್ವಾ?"

ಟ್ರಾಲಿಂಗ್ ಅಲ್ಲ, ಟ್ರೋಲಿಂಗ್. ಹೆಸರು ಹತ್ತಿರ, ಕೆಲಸ ಬಲು ದೂರ. ಟ್ರಾಲ್ ಬೋಟು ನೆಲ ಗುಡಿಸುವ ಹಾಗೆ ಬಲೆ ಎಳೆಯುತ್ತದೆ. ಟ್ರೋಲಿಂಗ್ ಅಂದರೆ ನಾಲ್ಕು ಗಾಳದ ಕೋಲುಗಳಿಗೆ ಸ್ಪೂನ್ ಅನ್ನುವ ಹೊಳೆಯುವ ತಗಡಿನ ಮೀನು ಕಟ್ಟಿಕೊಂಡು, ಮನುಷ್ಯ ನಡೆಯುವುದಕ್ಕಿಂತ ಕೊಂಚ ನಿಧಾನವಾಗಿ ದೋಣಿ ಓಡಿಸುತ್ತ ಹೋಗುವುದು. ಬೆಳಗ್ಗೆ ಪೂರ್ತಿ ಓಡಿಸಿ ಮೂರು ಮೀನು ಬಂದರೆ ನಮಗೆ ಹಬ್ಬ. ತಮ್ಮನಿಗೆ ಇಷ್ಟು ಹೇಳಿದ್ದಕ್ಕೆ, "ಅಷ್ಟಕ್ಕೆ ಪೆಟ್ರೋಲ್ ಯಾಕೆ ಸುಡೋದು" ಅಂದ. ಅದಕ್ಕೆ ಉತ್ತರ ನನ್ನ ಹತ್ತಿರ ಇಲ್ಲ.

ನನ್ನ ದೋಣಿ 19 ಅಡಿಯದು, ಅಲ್ಯೂಮಿನಿಯಂ. ಹಿಂದೆ ಒಂದು ದೊಡ್ಡ ಎಂಜಿನ್, ಅದರ ಪಕ್ಕ 9.9 ಎಚ್‌ಪಿಯ ಸಣ್ಣದೊಂದು. ಟ್ರೋಲಿಂಗ್ ಎಲ್ಲ ಆ ಸಣ್ಣದರಲ್ಲೇ. ದೋಣಿ ಕೊಂಡ ಮೊದಲ ಎರಡು ಬೇಸಿಗೆ ನಾನು ಹೆಚ್ಚುಕಮ್ಮಿ ಬರಿಗೈಯಲ್ಲೇ ವಾಪಸ್ ಬರುತ್ತಿದ್ದೆ. ಅಂಗಡಿಯಲ್ಲಿ ಕಂಡ ಸ್ಪೂನೆಲ್ಲ ಕೊಂಡೆ. ಎರಡು ಡಬ್ಬಿ ತುಂಬಿತು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ, ನಲವತ್ತು ವರ್ಷದಿಂದ ಈ ಸರೋವರದಲ್ಲೇ ಮೀನು ಹಿಡಿಯುತ್ತಿರುವವರು. ಒಂದು ಸಂಜೆ ಡಬ್ಬಿ ತೆಗೆದುಕೊಂಡು ಹೋಗಿ ಅವರಿಗೆ ತೋರಿಸಿದೆ. ಒಂದೊಂದೇ ಸ್ಪೂನ್ ತಿರುಗಿಸಿ ನೋಡಿ, ಮುಚ್ಚಳ ಹಾಕಿ, "ಥರ್ಮಾಮೀಟರ್ ಎಲ್ಲಿ?" ಅಂದರು.

ಲೇಕ್ ಒಂಟಾರಿಯೊ ಸುಮಾರು 19,000 ಚದರ ಕಿಲೋಮೀಟರ್. ನಮ್ಮ ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆ ಸೇರಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ. ಎಲ್ಲಕ್ಕಿಂತ ಆಳದ ಕಡೆ 244 ಮೀಟರ್. ಇಷ್ಟು ನೀರಿನಲ್ಲಿ ಮೀನು ಎಲ್ಲಿದೆ ಅಂತ ಹುಡುಕುವುದು? ಸ್ಪೂನಿನ ಬಣ್ಣ ಇದಕ್ಕೆ ಉತ್ತರ ಹೇಳುವುದಿಲ್ಲ. ನೀರಿನ ಬಿಸಿ ಹೇಳುತ್ತದೆ.

ಏಪ್ರಿಲ್ ಮಧ್ಯಾಹ್ನ ಬಾವಿಗೋ ಕೆರೆಗೋ ಹಾರಿ ಈಜಿದವರಿಗೆ ಇದು ಗೊತ್ತು. ಎದೆಯ ಮಟ್ಟಕ್ಕೆ ನೀರು ಬೆಚ್ಚಗೆ, ಕಾಲು ಕೆಳಗೆ ಚಾಚಿದರೆ ಹೆಬ್ಬೆರಳು ಚುರ್ ಅನ್ನುತ್ತದೆ. ಇಲ್ಲೂ ಅದೇ, ಅಳತೆ ಮಾತ್ರ ದೊಡ್ಡದು. ಆಗಸ್ಟಿನಲ್ಲಿ ಮೇಲಿನ ನೀರು 72 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 22 ಸೆಲ್ಸಿಯಸ್ ಆಸುಪಾಸು. ತೀರ ಆಳದಲ್ಲಿ ಬೇಸಿಗೆಯಲ್ಲೂ 4 ಸೆಲ್ಸಿಯಸ್. ಎರಡರ ನಡುವೆ ಒಂದು ಪದರ ಇದೆ. ಅಲ್ಲಿ ಕೆಲವೇ ಅಡಿಗಳಲ್ಲಿ ಬಿಸಿ ಸರ್ರನೆ ಇಳಿದುಬಿಡುತ್ತದೆ. ಅದಕ್ಕೆ ಥರ್ಮೋಕ್ಲೈನ್ ಅನ್ನುತ್ತಾರೆ. ಬ್ರೌನ್ ಟ್ರೌಟಿಗೆ ಬೇಕಾದ್ದು 55ರಿಂದ 65 ಫ್ಯಾರನ್‌ಹೀಟ್. ನನ್ನ ಡೈರಿಯ ಲೆಕ್ಕದಲ್ಲಿ 58ರಿಂದ 62ರೊಳಗೆ ಸಿಕ್ಕವೇ ಜಾಸ್ತಿ. ಸಾಲ್ಮನ್ ಇದಕ್ಕಿಂತ ತಣ್ಣೀರು ಹುಡುಕಿಕೊಂಡು ಆಳಕ್ಕೆ ಹೋಗುತ್ತದೆ, ಲೇಕ್ ಟ್ರೌಟ್ ಇನ್ನೂ ಕೆಳಗೆ. ಬ್ರೌನ್ ಹಾಗಲ್ಲ. ಅದಕ್ಕೆ ದಡವೂ ಬೇಕು, ನೆಲವೂ ಬೇಕು, ತಂಪೂ ಬೇಕು.

ಈ ಮೂರೂ ಒಟ್ಟಿಗೆ ಸಿಗುವ ಜಾಗ ಒಂದೇ. ಬಾಣಲೆಯಲ್ಲಿ ನೀರು ಹಾಕಿ ಮೇಲೆ ಎಣ್ಣೆ ಸುರಿಯಿರಿ. ಎಣ್ಣೆ ಮುಗಿದು ನೀರು ಶುರುವಾಗುವ ಗೆರೆ ಬಾಣಲೆಯ ಗೋಡೆಗೆ ತಾಗುತ್ತದಲ್ವಾ? ಸುತ್ತ ಬಳೆಯ ಹಾಗೆ ಕಾಣುತ್ತದೆ. ಎಣ್ಣೆ ಅಂದರೆ ಬಿಸಿ ನೀರು, ಕೆಳಗಿನದು ತಣ್ಣೀರು, ಬಾಣಲೆಯೇ ಸರೋವರದ ನೆಲ. ಆ ಬಳೆಯ ಮೇಲೆ ಬ್ರೌನ್ ಟ್ರೌಟ್ ಕೂತಿರುತ್ತದೆ. ಜುಲೈ, ಆಗಸ್ಟಿನಲ್ಲಿ ಸಾಮಾನ್ಯವಾಗಿ 50ರಿಂದ 90 ಅಡಿ ನೀರಿನಲ್ಲಿ. ನಿಮ್ಮ ಕೆಲಸದ ಮುಕ್ಕಾಲು ಪಾಲು ಆ ಬಳೆ ಹುಡುಕುವುದೇ.

ಹುಡುಕುವುದಕ್ಕೆ ನೀರಿನ ಆಳದಲ್ಲೇ ಕೂತು ಬಿಸಿ, ವೇಗ ಎರಡನ್ನೂ ಮೇಲಿನ ಪರದೆಗೆ ಕಳಿಸುವ ಯಂತ್ರಗಳಿವೆ. ಬೆಲೆ ಕೇಳಿದರೆ ಕೈ ಜೇಬಿನಲ್ಲೇ ಉಳಿಯುತ್ತದೆ. ಅಜ್ಜ ಕಲಿಸಿದ್ದು ಇದು. ಗಟ್ಟಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಕ್ಕೆ ಎರಡು ತೂತು ಮಾಡಿ. ಒಳಗೆ ಸಣ್ಣ ಥರ್ಮಾಮೀಟರ್ ಇಡಿ. ತೂಕ ಕಟ್ಟಿ, ದಾರಕ್ಕೆ ಹತ್ತು ಹತ್ತು ಅಡಿಗೆ ಗಂಟು ಹಾಕಿ ಇಳಿಸಿ. ಮೂರು ನಿಮಿಷ ಬಿಟ್ಟು ಬೇಗ ಮೇಲೆಳೆಯಿರಿ. ಬಾಟಲಿಯೊಳಗಿನ ನೀರು ಅಷ್ಟು ಬೇಗ ಬಿಸಿಯಾಗುವುದಿಲ್ಲ, ಆದ್ದರಿಂದ ಓದಿದ ಅಂಕಿ ಹೆಚ್ಚುಕಮ್ಮಿ ಆ ಆಳದ್ದೇ. 40 ಅಡಿಯಲ್ಲಿ 70 ಡಿಗ್ರಿ, 50ರಲ್ಲಿ 68, 60ರಲ್ಲಿ 61 ಅಂತ ಬಂತು ಅಂದುಕೊಳ್ಳಿ. ಆಯ್ತು, 60ರಿಂದ 75 ಅಡಿ ಆಳ ಇರುವ ಕಡೆ ದೋಣಿ ಓಡಿಸಿ. ನೀರಿನ ಆಳ, ಮೀನು ತೋರಿಸುವ ಪರದೆ, ಅಂದರೆ ಫಿಶ್ ಫೈಂಡರ್ ಇದ್ದರೆ ಅದರಲ್ಲೂ ಆ ಪದರ ಒಮ್ಮೊಮ್ಮೆ ಮಸುಕು ಗೆರೆಯ ಹಾಗೆ ಕಾಣುತ್ತದೆ.

ನಿನ್ನೆ 60 ಅಡಿಯಲ್ಲಿದ್ದ ತಣ್ಣೀರು ಇವತ್ತೂ ಅಲ್ಲೇ ಇರುತ್ತದೆ ಅಂತ ನಂಬಬೇಡಿ. ಗಾಳಿ ಅದನ್ನು ಎತ್ತಿ ಇಳಿಸುತ್ತದೆ. ನಾವಿರುವುದು ಸರೋವರದ ದಕ್ಷಿಣ ದಡ. ಭೂಮಿ ತಿರುಗುವುದರಿಂದ ಈ ಗೋಲಾರ್ಧದಲ್ಲಿ ಗಾಳಿ ತಳ್ಳಿದ ನೀರು ಗಾಳಿಯ ಬಲಕ್ಕೆ ವಾಲುತ್ತದೆ. ಪಡುವಣ ಗಾಳಿ ಎರಡು ದಿನ ಬೀಸಿದರೆ ಮೇಲಿನ ಬಿಸಿ ನೀರು ನಮ್ಮ ದಡಕ್ಕೆ ಬಂದು ಒಟ್ಟಾಗುತ್ತದೆ. ತಣ್ಣೀರು ಕೆಳಗೆ ಸರಿದು ಮೀನು ದೂರ ಹೋಗುತ್ತದೆ. ಮೂಡಣ ಗಾಳಿ ಬೀಸಿದರೆ ಉಲ್ಟಾ. ಬಿಸಿ ನೀರು ಆಚೆ ಹೋಗಿ ಅಡಿಯ ತಣ್ಣೀರು ದಡಕ್ಕೇ ಏರಿಬರುತ್ತದೆ. ಒಂದು ಜುಲೈಯಲ್ಲಿ ಮಗಳನ್ನು ಬೀಚಿಗೆ ಕರೆದುಕೊಂಡು ಹೋಗಿದ್ದೆ. ಮೊಣಕಾಲುದ್ದ ನೀರಿಗಿಳಿದವಳು ಕಿರುಚಿಕೊಂಡು ಓಡಿ ಬಂದಳು. ಹಿಂದಿನ ವಾರ ಬೆಚ್ಚಗಿದ್ದ ನೀರು ಅದು. ನಾನು ಆವತ್ತೇ ರಾತ್ರಿ ದೋಣಿ ಸಜ್ಜು ಮಾಡಿದೆ. ಮರುದಿನ ಬೆಳಗ್ಗೆ ಬರೀ 35 ಅಡಿ ನೀರಿನಲ್ಲಿ ಮೂರು ಬ್ರೌನ್.

ಇನ್ನು ಸಾಮಾನು. ಸ್ಪೂನನ್ನು 60 ಅಡಿ ಆಳಕ್ಕೆ ಇಳಿಸುವುದು ಹೇಗೆ? ಅದು ಎಲೆಯಷ್ಟು ಹಗುರ, ಎಳೆದರೆ ಮೇಲಕ್ಕೇ ಬರುತ್ತದೆ. ಅದಕ್ಕೇ ಡೌನ್‌ರಿಗ್ಗರ್. ದೋಣಿಯ ಹಿಂಬದಿಗೆ ಕೂರಿಸಿದ ಒಂದು ರಾಟೆ, ಸ್ಟೀಲ್ ತಂತಿ, ತುದಿಯಲ್ಲಿ 10 ಅಥವಾ 12 ಪೌಂಡಿನ ಸೀಸದ ಗುಂಡು. ಗುಂಡಿನ ಹತ್ತಿರ ಬಟ್ಟೆ ಕ್ಲಿಪ್ಪಿನಂಥ ಒಂದು ಹಿಡಿಕೆ. ಮೊದಲು ಸ್ಪೂನನ್ನು ದೋಣಿಯ ಹಿಂದೆ ಬಿಡಿ. ಬೇಕಾದಷ್ಟು ದಾರ ಹೋದ ಮೇಲೆ ದಾರವನ್ನು ಕ್ಲಿಪ್ಪಿಗೆ ಕಚ್ಚಿಸಿ. ದಾರ ಸುತ್ತಿದ ರೀಲ್ ಸಡಿಲ ಬಿಟ್ಟು ಗುಂಡು ಇಳಿಸಿ. ಬೇಕಾದ ಆಳ ಬಂದಾಗ ನಿಲ್ಲಿಸಿ, ದಾರ ಸುತ್ತಿ ಸುತ್ತಿ ಕೋಲು ಬಿಲ್ಲಿನ ಹಾಗೆ ಬಾಗಲಿ. ಮೀನು ಕಚ್ಚಿದರೆ ದಾರ ಕ್ಲಿಪ್ಪಿನಿಂದ ಬಿಟ್ಟುಕೊಂಡು ಕೋಲು ಟಪ್ ಅಂತ ನೆಟ್ಟಗಾಗುತ್ತದೆ. ಆಮೇಲೆ ಗುಂಡಿಗೂ ಮೀನಿಗೂ ಸಂಬಂಧ ಇಲ್ಲ. ನೀವಾಯ್ತು, ಮೀನಾಯ್ತು. ಕ್ಲಿಪ್ ಬಿಗಿಯಾದರೆ ಸಣ್ಣ ಮೀನು ಬಿಡಿಸಲಾರದೆ ಅರ್ಧ ಗಂಟೆ ಸುಮ್ನೆ ಜೋತುಕೊಂಡು ಬರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಸಡಿಲವೇ ಇರಲಿ.

ಗುಂಡಿನಿಂದ ಸ್ಪೂನ್ ಎಷ್ಟು ಹಿಂದೆ ಇರಬೇಕು ಅನ್ನುವುದರಲ್ಲಿ ಸಾಲ್ಮನ್ ಹಿಡಿಯುವವರಿಗೂ ನಮಗೂ ಜಗಳ. ಅವರು ಹತ್ತಿಪ್ಪತ್ತು ಅಡಿ ಬಿಡುತ್ತಾರೆ. ಬ್ರೌನ್ ಟ್ರೌಟ್ ಸಂಕೋಚದ ಮೀನು. ಜೊತೆಗೆ ಜೀಬ್ರಾ ಮಸ್ಸೆಲ್, ಕ್ವಾಗಾ ಮಸ್ಸೆಲ್ ಅನ್ನುವ ಚಿಪ್ಪುಗಳು ಬಂದು ನೀರನ್ನು ಸೋಸಿ ಸೋಸಿ ಕನ್ನಡಿ ಮಾಡಿಬಿಟ್ಟಿವೆ. ನಾನು 40 ಅಡಿಗೆ ಕಮ್ಮಿ ಬಿಡುವುದಿಲ್ಲ, ಬಿಸಿಲು ಏರಿದ ಮೇಲೆ 70ರವರೆಗೂ ಹೋಗುತ್ತೇನೆ. ಕೊನೆಯ ಹನ್ನೆರಡು ಅಡಿ ಫ್ಲೋರೋಕಾರ್ಬನ್ ದಾರ, 12 ಪೌಂಡ್ ಭಾರ ತಡೆಯುವಂಥದು. ಅದು ನೀರಿನಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಗುಂಡು ನೆಲದಿಂದ ಐದರಿಂದ ಹತ್ತು ಅಡಿ ಮೇಲೆ ಇರಲಿ. ಹೇಳುವುದು ಸುಲಭ. ನನ್ನ ಮೂರನೇ ಬೇಸಿಗೆಯಲ್ಲಿ ಒಂದು ಬೆಳಗ್ಗೆ, 72 ಅಡಿ ನೀರು, ಗುಂಡು 66ರಲ್ಲಿ. ಎಲ್ಲ ಸರಿಯಾಗಿದೆ ಅಂತ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡೆ. ಎರಡು ಗುಟುಕು. ತಲೆ ಎತ್ತುವಷ್ಟರಲ್ಲಿ ಪರದೆಯಲ್ಲಿ ನೀರಿನ ಆಳ 61. ಗುಂಡು ಬಂಡೆಗೆ ಸಿಕ್ಕಿಕೊಂಡಿತು. ರಾಟೆಯ ಬ್ರೇಕನ್ನು ನಾನೇ ಮೂರ್ಖನ ಹಾಗೆ ಬಿಗಿದಿಟ್ಟಿದ್ದೆ, ಆದ್ದರಿಂದ ತಂತಿ ಬಿಟ್ಟುಕೊಳ್ಳಲಿಲ್ಲ. ದೋಣಿಯ ಹಿಂಭಾಗ ಜಗ್ಗಿ ಕೆಳಗೆ ಹೋಯಿತು, ಒಂದು ಅಲೆ ಒಳಗೇ ಬಂತು, ಚಪ್ಪಲಿ ತೇಲಿತು. ಕೈಯಿಂದ ತಂತಿ ಹಿಡಿದು ಎಳೆಯಲು ಹೋದೆ. ಅಂಗೈಯಲ್ಲಿ ಆ ಗೆರೆ ಇವತ್ತಿಗೂ ಇದೆ. ಆಮೇಲೆ ಟಣ್ ಅಂತ ತಂತಿ ತುಂಡಾಯಿತು, ಐವತ್ತು ಡಾಲರ್ ಹತ್ತಿರದ ಗುಂಡು ಸರೋವರಕ್ಕೆ ಅರ್ಪಣೆ. ಸರಿಯಾದ ಕ್ರಮ ಇದು: ಬ್ರೇಕ್ ಯಾವಾಗಲೂ ಜಾರುವಷ್ಟು ಸಡಿಲ ಇರಲಿ. ಸಿಕ್ಕಿಕೊಂಡ ತಕ್ಷಣ ಎಂಜಿನ್ ನ್ಯೂಟ್ರಲ್. ತಂತಿ ಬಿಡಿ. ದೋಣಿ ತಿರುಗಿಸಿ ಸಿಕ್ಕಿಕೊಂಡ ಜಾಗದ ಆಚೆಗೆ ಹೋಗಿ, ಬಂದ ದಿಕ್ಕಿನಿಂದಲೇ ನಿಧಾನ ಎತ್ತಿ. ತಂತಿಗೆ ಕೈ ಹಾಕಬೇಡಿ. ಪರದೆ ನೋಡುವುದಕ್ಕೆ ಒಬ್ಬರು ಇದ್ದರೆ ಮಾತ್ರ ಚಹಾ.

ನೆಲದ ಹತ್ತಿರವೇ ಯಾಕೆ ಇಷ್ಟು ಒದ್ದಾಟ ಅಂದರೆ, ಊಟ ಅಲ್ಲಿದೆ. ಗೋಬಿ ಅಂತ ಒಂದು ಸಣ್ಣ ಮೀನು, ನೆಲಕ್ಕೇ ಅಂಟಿಕೊಂಡಿರುತ್ತದೆ. ಕಪ್ಪು ಸಮುದ್ರದ ಕಡೆಯಿಂದ ಹಡಗಿನ ಹೊಟ್ಟೆಯ ನೀರಿನಲ್ಲಿ ಬಂದದ್ದು. ಬ್ರೌನ್ ಅದನ್ನೂ ತಿನ್ನುತ್ತದೆ, ಅಲೆವೈಫ್ ಅನ್ನೂ ತಿನ್ನುತ್ತದೆ. ಅಲೆವೈಫ್ ನಮ್ಮ ಬೂತಾಯಿಯ ದಾಯಾದಿ, ಅಟ್ಲಾಂಟಿಕ್‌ನದು. ಬ್ರೌನ್ ಟ್ರೌಟ್ ಕೂಡ ಇಲ್ಲಿಯದಲ್ಲ, 1883ರಲ್ಲಿ ಮೊಟ್ಟೆಗಳು ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದವು. ಈಗಲೂ ರಾಜ್ಯದವರು ಪ್ರತಿವರ್ಷ ಮರಿ ಬಿಡುತ್ತಾರೆ. ಹಿಡಿಯುವವನು ಕುಂದಾಪುರದವನು. ಇಲ್ಲಿ ಯಾರನ್ನೂ ನೀನು ಎಲ್ಲಿಯವನು ಅಂತ ಕೇಳುವ ಹಾಗಿಲ್ಲ.

ಸ್ಪೂನ್ ಬಗ್ಗೆ ಒಂದು ಪ್ಯಾರಾ ಸಾಕು. ಮೂರರಿಂದ ಮೂರೂಮುಕ್ಕಾಲು ಇಂಚಿನ ತೆಳು ಸ್ಪೂನ್. ನಸುಕಿನಲ್ಲಿ ಕತ್ತಲೆಯಲ್ಲಿ ಹೊಳೆಯುವ ಬಣ್ಣ ಬಳಿದದ್ದು, ಬಿಸಿಲು ಬಂದ ಮೇಲೆ ಬೆಳ್ಳಿಯ ಮೇಲೆ ನೀಲಿ ಅಥವಾ ಹಸಿರು. ಇಲ್ಲಿಯವರೆಲ್ಲ ಬ್ರೌನಿಗೆ ಅಂತಲೇ ಇಟ್ಟುಕೊಳ್ಳುವ ಒಂದು ಬಣ್ಣ ಇದೆ, ಹೆಸರು ಮಂಕಿ ಪ್ಯೂಕ್. ಅಂದರೆ ಮಂಗನ ವಾಂತಿ. ನೋಡಿದರೆ ಹೆಸರು ತಪ್ಪಲ್ಲ ಅನಿಸುತ್ತದೆ. ಅದು ಮೀನು ಹಿಡಿಯುತ್ತದೆ ಮಾರಾಯ್ರೆ, ಏನು ಮಾಡುವುದು. ನನ್ನ ಎರಡು ಡಬ್ಬಿಯಲ್ಲಿ ಈಗ ಉಪಯೋಗಿಸುವುದು ಆರು ಸ್ಪೂನ್ ಮಾತ್ರ.

ಎರಡು ಕೋಲು ಡೌನ್‌ರಿಗ್ಗರಿಗೆ, ಇನ್ನೆರಡು ಡಿಪ್ಸಿ ಡೈವರಿಗೆ. ಡೈವರ್ ಅಂದರೆ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆ. ಎಳೆದರೆ ನೀರನ್ನು ಸೀಳಿ ಕೆಳಗೂ ಹೋಗುತ್ತದೆ, ಪಕ್ಕಕ್ಕೂ ಹೋಗುತ್ತದೆ. ಅಡಿಯಲ್ಲಿರುವ ಅಂಕಿಯನ್ನು 3ಕ್ಕೆ ತಿರುಗಿಸಿದರೆ ದೋಣಿಯಿಂದ ಆದಷ್ಟು ಆಚೆ. ಎಂಜಿನ್ ಸದ್ದಿಗೆ ಹೆದರಿ ಬದಿಗೆ ಸರಿದ ಮೀನಿಗೆ ಇದು.

ವೇಗ ಗಂಟೆಗೆ 2ರಿಂದ 2.4 ಮೈಲಿ. ಜಿಪಿಎಸ್ ತೋರಿಸುವುದು ಮೇಲಿನ ವೇಗ, ಕೆಳಗೆ ಬೇರೆಯೇ ಸೆಳೆತ ಇರಬಹುದು. ಮೂಡಕ್ಕೆ ಹೋಗುವಾಗ ಎರಡು ಮೀನು, ಪಡುವಕ್ಕೆ ಬರುವಾಗ ಒಂದೂ ಇಲ್ಲ ಅಂತಾದರೆ ಕಾರಣ ಅದೇ. ಗುಂಡಿನ ತಂತಿ ನೋಡಿ. ಎಂದಿಗಿಂತ ಹೆಚ್ಚು ಹಿಂದಕ್ಕೆ ವಾಲಿದ್ದರೆ ಕೆಳಗೆ ನೀರು ಎದುರಿಗೆ ಬರುತ್ತಿದೆ, ಸ್ಪೂನ್ ಜೋರಾಗಿ ಒದ್ದಾಡುತ್ತಿದೆ. ವೇಗ ಸ್ವಲ್ಪ ಇಳಿಸಿ. ನೇರವಾಗಿ ನಿಂತಿದ್ದರೆ ಏರಿಸಿ.

ನೇರ ಗೆರೆಯಲ್ಲಿ ಓಡಿಸಬೇಡಿ. 60 ಅಡಿಯಿಂದ 80ಕ್ಕೆ, ಮತ್ತೆ 60ಕ್ಕೆ, ಹಾವು ಹರಿದ ಹಾಗೆ ಹೋಗಿ. ತಿರುಗುವಾಗ ಒಳಬದಿಯ ಸ್ಪೂನ್ ನಿಧಾನವಾಗುತ್ತದೆ, ಹೊರಬದಿಯದು ಜೋರಾಗುತ್ತದೆ. ಒಳಗಿನ ಕೋಲಿಗೆ ಕಚ್ಚಿದರೆ ನೀವು ಜಾಸ್ತಿ ಓಡಿಸುತ್ತಿದ್ದಿರಿ, ಹೊರಗಿನದಕ್ಕೆ ಕಚ್ಚಿದರೆ ಕಮ್ಮಿ. ಕಚ್ಚಿದ ಕ್ಷಣ ಆಳ, ಬಿಸಿ, ವೇಗ, ದಿಕ್ಕು ನಾಲ್ಕನ್ನೂ ಬರೆದಿಡಿ. ನನ್ನದು ಹಳೆಯ ಸ್ಕೂಲ್ ಪಟ್ಟಿ ಪುಸ್ತಕ, ಪುಟಗಳಿಗೆಲ್ಲ ಮೀನಿನ ವಾಸನೆ.

ಜುಲೈ ಹೊತ್ತಿಗೆ ಒಂದು ಪೀಡೆ ಶುರುವಾಗುತ್ತದೆ. ನೀರಿನ ಚಿಗಟ. ಇದೂ ಹಡಗಿನಲ್ಲಿ ಬಂದದ್ದೇ. ಉದ್ದ ಬಾಲ, ಬಾಲಕ್ಕೆ ಮುಳ್ಳು. ದಾರಕ್ಕೆ ಸಾವಿರಗಟ್ಟಲೆ ಅಂಟಿಕೊಂಡು ಮೇಲೆ ಬಂದಾಗ ನೆನೆಸಿದ ಕಾಮಕಸ್ತೂರಿ ಬೀಜದ ಹಾಗೆ ಲೋಳೆಲೋಳೆ, ನಡುನಡುವೆ ಕಪ್ಪು ಚುಕ್ಕೆ. ಆ ಚುಕ್ಕೆಗಳು ಅವುಗಳ ಕಣ್ಣು. ಕೋಲಿನ ತುದಿಯ ಉಂಗುರಕ್ಕೆ ಮುದ್ದೆಯಾಗಿ ಸಿಕ್ಕಿಕೊಂಡರೆ ದಾರ ಒಂದಿಂಚೂ ಸರಿಯುವುದಿಲ್ಲ, ಅದೂ ಸರಿಯಾಗಿ ಮೀನು ಹತ್ತಿರ ಬಂದಾಗ. ಮದ್ದು ಒಂದೇ: ದಪ್ಪ ದಾರ. ರೀಲಿಗೆ 30 ಪೌಂಡಿನ ನೈಲಾನ್ ಸುತ್ತಿದರೆ ಅವಕ್ಕೆ ಹಿಡಿತ ಸಿಗುವುದು ಕಷ್ಟ. ಆದರೂ ಅರ್ಧ ಗಂಟೆಗೊಮ್ಮೆ ಎತ್ತಿ, ಒದ್ದೆ ಬಟ್ಟೆಯಲ್ಲಿ ದಾರ ಸವರಿ ತೆಗೆಯಿರಿ.

ಮೀನು ಬಿತ್ತು ಅಂದುಕೊಳ್ಳಿ. ದೋಣಿ ನಿಲ್ಲಿಸಬೇಡಿ. ನಿಲ್ಲಿಸಿದರೆ ದಾರ ಸಡಿಲಾಗಿ ಸ್ಪೂನ್ ಕಳಚುತ್ತದೆ, ಉಳಿದ ಮೂರು ದಾರ ಸಿಕ್ಕುಸಿಕ್ಕಾಗುತ್ತದೆ. ಆ ಬದಿಯ ಗುಂಡನ್ನು ಮೇಲೆತ್ತಿ. ಬ್ರೌನ್ ಸಾಲ್ಮನ್ನಿನ ಹಾಗೆ ನೂರಾರು ಅಡಿ ಓಡುವುದಿಲ್ಲ, ತಲೆ ಅಲ್ಲಾಡಿಸುತ್ತ ಭಾರವಾಗಿ ಬರುತ್ತದೆ. ಮುಗಿಯಿತು ಅಂದುಕೊಂಡಾಗ ದೋಣಿ ಕಂಡು ನೆಲಕ್ಕೆ ನುಗ್ಗುತ್ತದೆ. ಅಲ್ಲೇ ಬಹಳ ಮೀನು ತಪ್ಪುವುದು. ರೀಲಿನ ಡ್ರ್ಯಾಗ್, ಅಂದರೆ ದಾರ ತಡೆಯುವ ಬ್ರೇಕ್, ಸಡಿಲ ಇದ್ದರೆ ಹೋಗಲಿ ಬಿಡಿ, ಮತ್ತೆ ಬರುತ್ತದೆ. ಬಲೆಯನ್ನು ಮೊದಲೇ ನೀರಿಗಿಟ್ಟು, ತಲೆ ಒಳಗೆ ಬಂದ ಮೇಲೆ ಎತ್ತಿ. ಬಾಲದಿಂದ ಬಾಚಲು ಹೋಗಿ ನಾನು ಕಳೆದುಕೊಂಡ ಒಂದು ಮೀನು ಪ್ರತಿವರ್ಷ ಒಂದೊಂದು ಪೌಂಡ್ ಬೆಳೆಯುತ್ತಿದೆ. ಈಗ ಹದಿನೆಂಟು. ರಾಜ್ಯದ ದಾಖಲೆ 33 ಪೌಂಡ್ 2 ಔನ್ಸ್, 1997ರಲ್ಲಿ ಇದೇ ಸರೋವರದ್ದು. ಇನ್ನೂ ಟೈಮಿದೆ.

ಬಿಡುವ ವಿಚಾರದಲ್ಲಿ ಒಂದು ಮಾತು. 60 ಡಿಗ್ರಿಯ ನೀರಿನಿಂದ ಎಳೆದು, 72 ಡಿಗ್ರಿಯ ಬಿಸಿ ನೀರಿನಲ್ಲಿ ಆಡಿಸಿ, ಫೋಟೋ ತೆಗೆದು ಬಿಟ್ಟರೆ ಅದು ಈಜಿಕೊಂಡು ಹೋದ ಹಾಗೆ ಕಂಡರೂ ಬದುಕುವುದು ಕಷ್ಟ. ಬಿಡಬೇಕಾದ್ದನ್ನು ನೀರಿನಿಂದ ಎತ್ತದೆ ಸ್ಪೂನ್ ಕಳಚಿ. ಎತ್ತಲೇಬೇಕಾಯ್ತಾ, ತಲೆ ಕೆಳಗೆ ಮಾಡಿ ಬಾಣ ಬಿಟ್ಟ ಹಾಗೆ ನೀರಿಗೆ ತಳ್ಳಿ, ಆ ನೂಕಿಗೆ ತಣ್ಣೀರಿನ ಕಡೆ ಇಳಿಯುತ್ತದೆ. ಬೇಕಾದಷ್ಟು ಸಿಕ್ಕ ಮೇಲೆ ಕೋಲು ಎತ್ತಿ ಮನೆಗೆ ಹೋಗಿ.

ಹೊರಡುವ ಮೊದಲಿನ ವಿಷಯ ಈಗ ಹೇಳುತ್ತಿದ್ದೇನೆ, ಕ್ಷಮಿಸಿ. 16 ವರ್ಷ ತುಂಬಿದವರಿಗೆಲ್ಲ ಮೀನು ಹಿಡಿಯುವ ಲೈಸೆನ್ಸ್ ಬೇಕು. ನ್ಯೂಯಾರ್ಕಿನಲ್ಲಿ ಮೋಟಾರು ದೋಣಿ ಓಡಿಸುವ ಎಲ್ಲರಿಗೂ 2025ರಿಂದ ದೋಣಿ ಸುರಕ್ಷತೆಯ ಸರ್ಟಿಫಿಕೇಟ್ ಕಡ್ಡಾಯ. ಎಷ್ಟು ಮೀನು, ಎಷ್ಟು ಉದ್ದದ್ದು ಇಟ್ಟುಕೊಳ್ಳಬಹುದು ಅನ್ನುವುದನ್ನು ಪ್ರತಿವರ್ಷ ನೋಡಿಕೊಳ್ಳಿ. ನಾನು ಇರೊಂಡಿಕ್ವಾಯ್ಟ್ ಬೇ ಅನ್ನುವ ಕೊಲ್ಲಿಯಿಂದ ಸರೋವರಕ್ಕೆ ಇಳಿಯುತ್ತೇನೆ. ಬೇಸಿಗೆಯಲ್ಲಿ ಅಲ್ಲಿನ ಸೇತುವೆಯನ್ನೇ ದೋಣಿಗಳಿಗಾಗಿ ಬದಿಗೆ ತಿರುಗಿಸಿಟ್ಟಿರುತ್ತಾರೆ. ಜುಲೈಯಲ್ಲಿ ಐದೂಮುಕ್ಕಾಲರ ಹೊತ್ತಿಗೆ ಸೂರ್ಯ ಹುಟ್ಟುತ್ತಾನೆ, ಆಗ ಸ್ಪೂನ್ ನೀರಿನಲ್ಲಿರಬೇಕು. ಹವಾಮಾನ ವರದಿಯಲ್ಲಿ ಅಲೆ ಮೂರಡಿ ಅಂತ ಇದ್ದರೆ ನಾನು ಮಲಗಿಬಿಡುತ್ತೇನೆ. ಸರೋವರ ಅಂತ ಸದರ ಬೇಡ. ಇಲ್ಲಿಯ ಅಲೆ ಕಡಲಿನದಕ್ಕಿಂತ ಗಿಡ್ಡ, ಒಂದರ ಬೆನ್ನಿಗೆ ಇನ್ನೊಂದು ಬರುತ್ತದೆ. ಲೈಫ್ ಜಾಕೆಟ್ ಮೈಮೇಲೆ ಇರಲಿ, ಸೀಟಿನ ಕೆಳಗಲ್ಲ.

ತಿನ್ನುವವರಿಗೆ: ಈ ಸರೋವರದ ಮೀನಿನ ಕೊಬ್ಬಿನಲ್ಲಿ ಹಳೆಯ ಕಾರ್ಖಾನೆಗಳ ಪಿಸಿಬಿ, ಮೈರೆಕ್ಸ್ ವಿಷ ಇನ್ನೂ ಇದೆ. ರಾಜ್ಯದ ಆರೋಗ್ಯ ಇಲಾಖೆ ಯಾರು ಎಷ್ಟು ತಿನ್ನಬಹುದು ಅಂತ ಸಲಹೆ ಕೊಡುತ್ತದೆ. ಮಕ್ಕಳಿಗೂ ಮಗು ಹೆರುವ ವಯಸ್ಸಿನ ಹೆಂಗಸರಿಗೂ ಬೇರೆ ಲೆಕ್ಕ. ಓದಿಯೇ ಒಲೆ ಹಚ್ಚಿ. ನಾನು ಸಣ್ಣದನ್ನೇ ಮನೆಗೆ ತರುತ್ತೇನೆ, ದೊಡ್ಡದರಲ್ಲಿ ವಿಷ ಜಾಸ್ತಿ. ಚರ್ಮ ತೆಗೆದು, ಬೆನ್ನಿನ ಮತ್ತು ಹೊಟ್ಟೆಯ ಕೊಬ್ಬು, ಪಕ್ಕದ ಕಂದು ಗೆರೆ ಕೆತ್ತಿ ಹಾಕುತ್ತೇನೆ.

ಮೊದಲ ಸಲ ಹೆಂಡತಿ ಇದಕ್ಕೆ ತೆಂಗಿನಕಾಯಿ ಅರೆದು ಗಸಿ ಮಾಡಿದಳು. ಎಣ್ಣೆ ಮೀನಿಗೆ ಕಾಯಿಯ ಜಿಡ್ಡೂ ಸೇರಿ ಮೂರು ತುತ್ತಿಗೇ ಮುಖ ಕಟ್ಟಿತು. ಈಗ ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ, ಸ್ವಲ್ಪ ಜೀರಿಗೆ ನೀರು ಕಮ್ಮಿ ಹಾಕಿ ಅರೆದು ಹಚ್ಚಿ, ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸುತ್ತೇವೆ. ಹುಳಿ ಧಾರಾಳ ಹಾಕಿ. ಕಾಣೆಯ ರುಚಿ ಬರುವುದಿಲ್ಲ ಅಂತ ಅವಳು ಪ್ರತಿಸಲ ಹೇಳುತ್ತಾಳೆ, ಎರಡನೇ ತುಂಡು ತಟ್ಟೆಗೆ ಹಾಕಿಕೊಳ್ಳುತ್ತಲೇ.